ಅರವತ್ತರ ದಶಕದ ಹಾರ್ಮನಿ ತಂಡಗಳು: ಯಾರನ್ನು ಮೊದಲು ಕೇಳಬೇಕು, ಯಾವ ಮಿಕ್ಸಿನಲ್ಲಿ?

“‘ಪೆಟ್ ಸೌಂಡ್ಸ್’ ಅಷ್ಟು ದೊಡ್ಡ ಆಲ್ಬಮ್ ಅಂತೀರಲ್ಲ, ಎರಡು ಸಲ ಕೇಳಿದೆ. ಒಳಗೆ ಇಳಿಯಲೇ ಇಲ್ಲ.” ಗೆಳೆಯರ ಬಾಯಲ್ಲಿ ಈ ಮಾತನ್ನು ಎಷ್ಟೋ ಸಲ ಕೇಳಿದ್ದೇನೆ. ಹೀಗೆ ಹೇಳಿದವರೆಲ್ಲ ಸಂಗೀತ ಬಲ್ಲವರೇ. ತಪ್ಪು ಅವರದಲ್ಲ, ಆ ಆಲ್ಬಮ್ ಮಾಡಿದ ಅಮೆರಿಕದ ಬೀಚ್ ಬಾಯ್ಸ್ ತಂಡದ್ದೂ ಅಲ್ಲ. ತಪ್ಪಿದ್ದು ಹೊಕ್ಕ ಬಾಗಿಲು.

ನಮ್ಮ ಕಿವಿ ಬೆಳೆದಿರುವುದೇ ಒಂದು ಎಳೆಯನ್ನು ಹಿಡಿದು ಹೋಗುವುದಕ್ಕೆ. ರುದ್ರಪಟ್ಟಣಂ ಸಹೋದರರು ಜೋಡಿಯಾಗಿ ಕೀರ್ತನೆ ಹಾಡಿದಾಗ ಇಬ್ಬರೂ ಸೇರಿ ಒಂದೇ ಸ್ವರದ ಮೇಲೆ ನಿಲ್ಲುತ್ತಾರೆ. ಆ ಸೊಗಸು ಇರುವುದೇ ಎರಡು ದನಿ ಒಂದಾಗುವುದರಲ್ಲಿ. ಭಾವಗೀತೆಯ ಕೋರಸ್ಸಿನಲ್ಲೂ ಹತ್ತು ಜನ ಒಂದೇ ರಾಗದ ಗೆರೆಯನ್ನು ದಪ್ಪ ಮಾಡುತ್ತಾರೆ. ಹಾರ್ಮನಿಯಲ್ಲಿ ಹಾಗಲ್ಲ. ಒಬ್ಬ ಷಡ್ಜದಲ್ಲಿದ್ದರೆ ಇನ್ನೊಬ್ಬ ಗಾಂಧಾರದಲ್ಲಿ, ಮತ್ತೊಬ್ಬ ಪಂಚಮದಲ್ಲಿ. ಮಾತು ಒಂದೇ, ದಾರಿ ಮೂರು. ಬಾಸೆಲ್ ಮಿಶನ್ ಕಾಲದಿಂದ ಬಂದ ಗೀತೆಗಳನ್ನು ಕರಾವಳಿಯ ಚರ್ಚುಗಳಲ್ಲಿ ನಾಲ್ಕು ದನಿಯಲ್ಲಿ ಹಾಡಿ ಬೆಳೆದವರಿಗೆ ಇದು ಮನೆಯ ಮಾತು. ಉಳಿದ ನಾವು ಕಲಿಯಬೇಕು. ಕಲಿಯುವುದಕ್ಕೆ ಆರು ದನಿಯ ಗೋಪುರದ ಎದುರು ನಿಲ್ಲುವುದಕ್ಕಿಂತ, ಬೆರಳಲ್ಲಿ ಎಣಿಸಬಹುದಾದ ದನಿಗಳಿಂದ ಹೊರಡುವುದು ಒಳ್ಳೆಯದು. ಕೆಳಗಿನ ಹೋಲಿಕೆಯೆಲ್ಲ ಈ ಒಂದು ಅಳತೆಗೋಲಿನದು: ಯಾರ ದನಿಗಳನ್ನು ನೀವು ಬಿಡಿಬಿಡಿಯಾಗಿ ಎಣಿಸಬಲ್ಲಿರಿ?

ಮೂರು ದನಿ: ಹಾಲೀಸ್

ನನ್ನ ಮಟ್ಟಿಗೆ ಮೊದಲ ಬಾಗಿಲು ಇಂಗ್ಲೆಂಡಿನ ಹಾಲೀಸ್. ಬೀಟಲ್ಸ್ ಬೆಳಕಿನಲ್ಲಿ ಈ ತಂಡವನ್ನು ಬದಿಗೆ ಸರಿಸುವುದು ರೂಢಿಯಾಗಿಬಿಟ್ಟಿದೆ. ನನಗೆ ಅದು ನೋವಿನ ವಿಷಯ. ಅಲನ್ ಕ್ಲಾರ್ಕ್ ಮತ್ತು ಗ್ರಹಾಂ ನ್ಯಾಶ್ ಮ್ಯಾಂಚೆಸ್ಟರಿನ ಪಕ್ಕದ ಸಾಲ್ಫರ್ಡಿನಲ್ಲಿ ಚಿಕ್ಕಂದಿನ ಶಾಲಾ ಗೆಳೆಯರು, ಬಾಲ್ಯದಿಂದ ಒಟ್ಟಿಗೆ ಹಾಡಿದವರು. ಅಮೆರಿಕದ ಎವರ್ಲಿ ಸಹೋದರರ ಎರಡು ದನಿಯ ಹಾಡುಗಾರಿಕೆ ಅವರ ಪಾಠಶಾಲೆ. ಆ ಎರಡಕ್ಕೆ ಗಿಟಾರ್ ನುಡಿಸುವ ಟೋನಿ ಹಿಕ್ಸ್ ಮೂರನೆಯ ದನಿ ಸೇರಿಸಿದ. ಕ್ಲಾರ್ಕ್ ಮುಖ್ಯ ರಾಗ ಹಿಡಿಯುತ್ತಾನೆ, ನ್ಯಾಶ್ ಅದರ ಮೇಲೆ ಚೂಪಾಗಿ ನಿಲ್ಲುತ್ತಾನೆ, ಹಿಕ್ಸ್ ಇಬ್ಬರಿಗೂ ಆಧಾರ ಕೊಡುತ್ತಾನೆ.

1967ರ ‘ಕ್ಯಾರಿ ಆ್ಯನ್’ ಹಾಕಿಕೊಳ್ಳಿ. ಆರಂಭದಲ್ಲೇ ಮೂರೂ ದನಿ ಒಟ್ಟಿಗೆ ಬರುತ್ತವೆ. ಆಮೇಲೆ ಮೂವರೂ ಸರದಿಯಲ್ಲಿ ಒಂದೊಂದು ಚರಣ ಹಾಡುತ್ತಾರೆ. ಅಂದರೆ ಈ ಹಾಡೇ ನಿಮಗೆ ಮೂವರನ್ನೂ ಪರಿಚಯ ಮಾಡಿಸುತ್ತದೆ. ಹಾಡು ಮುಗಿಯುವ ಹೊತ್ತಿಗೆ ಯಾವ ದನಿ ಯಾರದೆಂದು ತಿಳಿದಿರುತ್ತದೆ. ಆಗ ಮತ್ತೆ ಮೊದಲಿನಿಂದ ಕೇಳಿ: ಮೊದಲ ಸಲ ಒಂದೇ ಮುದ್ದೆಯಾಗಿ ಕೇಳಿದ ಪಲ್ಲವಿ ಈಗ ಮೂರು ಜನರಾಗಿ ಬಿಡಿಸಿಕೊಳ್ಳುತ್ತದೆ. ನನಗೆ ಹಾರ್ಮನಿ ಎಂಬುದು ಅರ್ಥವಾದದ್ದು ಈ ಎರಡನೆಯ ಸಲದ ಕೇಳುವಿಕೆಯಲ್ಲಿ. ಹೆಡ್‌ಫೋನ್ ಕಳಚಿ ಸುಮ್ಮನೆ ಕೂತುಬಿಟ್ಟಿದ್ದೆ. ನಡುವೆ ಬರುವ ಸ್ಟೀಲ್ ಡ್ರಮ್ಮಿನ ತುಣುಕೂ ಚೆಂದ.

ಆಮೇಲೆ 1965ರ ‘ಲುಕ್ ಥ್ರೂ ಎನಿ ವಿಂಡೋ’, 1966ರ ‘ಬಸ್ ಸ್ಟಾಪ್’. ಎರಡನ್ನೂ ಕಟ್ಟಿದ್ದರಲ್ಲಿ ಮ್ಯಾಂಚೆಸ್ಟರಿನ ಹುಡುಗ ಗ್ರಹಾಂ ಗೋಲ್ಡ್‌ಮನ್‌ನ ಕೈಯಿದೆ. ಮಳೆಯಲ್ಲಿ ಬಸ್ಸಿಗೆ ಕಾಯುವ ಇಬ್ಬರು ಒಂದು ಛತ್ರಿ ಹಂಚಿಕೊಂಡು ಪ್ರೀತಿಗೆ ಬೀಳುವ ಕಥೆ ‘ಬಸ್ ಸ್ಟಾಪ್’ನದು. ಮೂರು ನಿಮಿಷದೊಳಗೆ ಮುಗಿಯುತ್ತದೆ.

ಕೊಳ್ಳುವವರಿಗೆ ಒಂದು ಮಾತು. ಆ ಕಾಲದ ಇಂಗ್ಲೆಂಡಿನಲ್ಲಿ ಸಿಂಗಲ್ ಆಗಿ, ಅಂದರೆ ಬಿಡಿ ತಟ್ಟೆಯಾಗಿ, ಬಂದ ಹಾಡನ್ನು ಎಲ್‌ಪಿಯಲ್ಲಿ ಸೇರಿಸದಿರುವುದು ಸಾಮಾನ್ಯ. ಅಮೆರಿಕದ ಕಂಪನಿಗಳು ಅದೇ ಹಾಡುಗಳನ್ನು ತಮಗೆ ಬೇಕಾದಂತೆ ಕಲಸಿ ಬೇರೆ ಹೆಸರಿನ ಎಲ್‌ಪಿ ಮಾಡುತ್ತಿದ್ದವು. ಹಾಗಾಗಿ ಹಾಲೀಸ್ ವಿಷಯದಲ್ಲಿ ಒಂದು ಎಲ್‌ಪಿ ಆರಿಸುವುದಕ್ಕಿಂತ ಒಳ್ಳೆಯ ಸಂಗ್ರಹ ಆರಿಸುವುದೇ ಜಾಣತನ. ರುಚಿ ಹತ್ತಿದರೆ 2011ರಲ್ಲಿ ಬಂದ ಆರು ಸಿಡಿಗಳ ‘ಕ್ಲಾರ್ಕ್, ಹಿಕ್ಸ್ ಆ್ಯಂಡ್ ನ್ಯಾಶ್ ಇಯರ್ಸ್’ ಇದೆ. 1963ರ ಏಪ್ರಿಲಿನಿಂದ 1968ರ ಅಕ್ಟೋಬರಿನವರೆಗಿನದೆಲ್ಲ ಅದರಲ್ಲಿದೆ. ಅದೇ ವರ್ಷದ ಡಿಸೆಂಬರಿನಲ್ಲಿ ನ್ಯಾಶ್ ತಂಡ ಬಿಟ್ಟು ಅಮೆರಿಕಕ್ಕೆ ಹೋದ. 1969ರ ಕ್ರಾಸ್ಬಿ, ಸ್ಟಿಲ್ಸ್ ಆ್ಯಂಡ್ ನ್ಯಾಶ್ ಆಲ್ಬಮ್ಮಿನಲ್ಲಿ ಮೇಲಿನ ದನಿಯಾಗಿ ಕೇಳುವುದು ಅದೇ ಸಾಲ್ಫರ್ಡಿನ ಹುಡುಗ.

ಮೂರೂ ಹೆಚ್ಚೆನಿಸಿದರೆ ಎರಡರಿಂದಲೂ ಹೊರಡಬಹುದು. ಸೈಮನ್ ಆ್ಯಂಡ್ ಗಾರ್ಫಂಕಲ್ ತಂಡವಲ್ಲ, ಜೋಡಿ. ಆದರೆ 1966ರ ‘ಸ್ಕಾರ್ಬರೋ ಫೇರ್/ಕ್ಯಾಂಟಿಕಲ್’ನಲ್ಲಿ ಒಂದು ಹಳೆಯ ಜಾನಪದ ಹಾಡಿನ ಜೊತೆಗೇ ಬೇರೆ ಮಾತಿನ ಇನ್ನೊಂದು ಹಾಡು ನಡೆಯುತ್ತದೆ. ಎರಡು ಮಾತು, ಎರಡು ರಾಗ, ಒಂದೇ ಉಸಿರು. ಕಿವಿಗೆ ಇದಕ್ಕಿಂತ ಒಳ್ಳೆಯ ಸಾಧನೆ ಕೊಡುವ ಹಾಡು ಆ ದಶಕದಲ್ಲಿ ಕಡಿಮೆ.

ನಾಲ್ಕು ದನಿ: ಮಾಮಾಸ್ ಆ್ಯಂಡ್ ಪಾಪಾಸ್

ಗಂಡು-ಹೆಣ್ಣು ದನಿಗಳ ಬೆರಕೆ ಇಷ್ಟಪಡುವವರು ನೇರವಾಗಿ ಇಲ್ಲಿಗೇ ಬರಬಹುದು. ಜಾನ್ ಫಿಲಿಪ್ಸ್ ದನಿಗಳನ್ನು ಹೆಣೆಯುವವನು. ಕೆನಡಾದ ಹ್ಯಾಲಿಫ್ಯಾಕ್ಸಿನ ಡೆನ್ನಿ ಡೊಹರ್ಟಿಯದು ಜೇನಿನಂಥ ಕಂಠ. ಮಿಶೆಲ್ ಫಿಲಿಪ್ಸಳದು ತೆಳು, ಬೆಳ್ಳಿ ಎಳೆ. ಕ್ಯಾಸ್ ಎಲಿಯಟ್ ಬಾಯಿ ತೆರೆದರೆ ಕೋಣೆ ತುಂಬುತ್ತದೆ. ನಾಲ್ಕೂ ದನಿಗಳ ಬಣ್ಣ ಬೇರೆಬೇರೆಯಾದ್ದರಿಂದ ಎಣಿಸುವುದು ಕಷ್ಟವೇ ಅಲ್ಲ.

1965ರ ಡಿಸೆಂಬರಿನಲ್ಲಿ ಬಂದ ‘ಕ್ಯಾಲಿಫೋರ್ನಿಯಾ ಡ್ರೀಮಿನ್’ ಎಲ್ಲರಿಗೂ ಗೊತ್ತು. ಅದರ ಕಟ್ಟೋಣ ಗಮನಿಸಿ. ಮುಖ್ಯ ದನಿ ಒಂದು ಸಾಲು ಹೇಳುತ್ತದೆ, ಉಳಿದವರು ಅದಕ್ಕೆ ಓಗೊಡುತ್ತಾರೆ. ಭಜನೆಯಲ್ಲಿ ಹೇಳಿಕೊಡುವವರ ಸಾಲು ಮುಗಿದ ಮೇಲೆ ಹಿಂದಿನವರು ಎತ್ತಿಕೊಳ್ಳುತ್ತಾರಲ್ಲ, ಆ ಬಗೆ. ವ್ಯತ್ಯಾಸ ಏನೆಂದರೆ ಇಲ್ಲಿ ಸಾಲು ಮುಗಿಯುವ ತನಕ ಯಾರೂ ಕಾಯುವುದಿಲ್ಲ. ಒಂದರ ಬಾಲದ ಮೇಲೆ ಇನ್ನೊಂದರ ತಲೆ. ಚಳಿಗಾಲದ ಬೂದು ದಿನದಲ್ಲಿ ನಡೆಯುವ ಒಬ್ಬನ ತಲೆಯೊಳಗೆ ಅವನ ಯೋಚನೆಗಳೇ ಮರುದನಿಸಿದ ಹಾಗೆ ಕೇಳುತ್ತದೆ. ನಡುವಿನ ಕೊಳಲು ಜಾಝ್ ವಾದಕ ಬಡ್ ಶ್ಯಾಂಕ್ ನುಡಿಸಿದ ಆಲ್ಟೊ ಫ್ಲೂಟ್.

ಈ ಹಾಡಿನ ವಾದ್ಯಗಳ ಟೇಪು ಮೊದಲು ತಯಾರಾದದ್ದು ಬ್ಯಾರಿ ಮೆಗ್ವಯರ್ ಎಂಬ ಗಾಯಕನಿಗಾಗಿ, ಈ ನಾಲ್ವರು ಅವನ ಹಿಂದೆ ಹಾಡಿದ್ದರು. ಆಮೇಲೆ ಅವನ ದನಿ ಅಳಿಸಿ ಡೆನ್ನಿಯ ದನಿ ಕೂರಿಸಿದರು. ಸ್ಟೀರಿಯೊದಲ್ಲಿ, ಅಂದರೆ ಎರಡು ಕಿವಿಗೆ ಬೇರೆಬೇರೆ ಸದ್ದು ಬರುವ ಪ್ರತಿಯಲ್ಲಿ, ಎಡಗಿವಿಯ ಇಯರ್‌ಫೋನ್ ಒಂದನ್ನೇ ಇಟ್ಟುಕೊಂಡು ಆರಂಭದ ಸಾಲು ಕೇಳಿ. ಪೂರ್ತಿ ಅಳಿಯದೆ ಉಳಿದ ಹಳೆಯ ದನಿಯ ನೆರಳು ಸಿಗುತ್ತದೆ.

ಚೆನ್ನಾಗಿ ಶ್ರುತಿ ಸೇರಿದ ತಂಬೂರಿಯಲ್ಲಿ ಯಾರೂ ಮೀಟದ ಗಾಂಧಾರ ತಾನಾಗಿ ಹುಟ್ಟುವುದನ್ನು ನಾವು ಸ್ವಯಂಭೂ ಗಾಂಧಾರ ಎನ್ನುತ್ತೇವೆ. ಈ ನಾಲ್ವರಿಗೂ ಅದೇ ಅನುಭವ. ದನಿಗಳು ಸರಿಯಾಗಿ ಕೂಡಿದಾಗ ಯಾರದೂ ಅಲ್ಲದ ಐದನೆಯ ದನಿಯೊಂದು ಮೇಲೆ ತೇಲುತ್ತಿತ್ತು. ಅದಕ್ಕೆ ಅವರು ‘ಹಾರ್ವಿ’ ಎಂದು ಹೆಸರಿಟ್ಟುಕೊಂಡಿದ್ದರು. ಮೂಲ ಸ್ವರಗಳ ಅನುರಣನದಿಂದ ಹುಟ್ಟುವ ಭೌತಿಕ ಸಂಗತಿ ಇದು, ಪವಾಡವಲ್ಲ. ಆದರೂ ಹಾರ್ವಿಯ ಬಗ್ಗೆ ಓದಿದ ದಿನ ನನಗೆ ಈ ತಂಡ ತೀರ ಹತ್ತಿರದ್ದೆನಿಸಿತು. ಲಾಸ್ ಏಂಜಲೀಸಿನ ಸ್ಟುಡಿಯೋ ಒಂದರಲ್ಲಿ ನಿಂತ ನಾಲ್ವರು ಕಾದು ಕೂತದ್ದೂ, ನಮ್ಮ ವಿದ್ವಾಂಸರು ತಂಬೂರಿ ಬಿರಡೆ ತಿರುಗಿಸುತ್ತ ಕಾಯುವುದೂ ಒಂದೇ ಸ್ವರಕ್ಕೆ.

ಯಾವ ಆಲ್ಬಮ್? 1966ರ ಮೊದಲನೆಯದು, ‘ಇಫ್ ಯು ಕ್ಯಾನ್ ಬಿಲೀವ್ ಯುವರ್ ಐಸ್ ಆ್ಯಂಡ್ ಇಯರ್ಸ್’. ‘ಮಂಡೇ, ಮಂಡೇ’, ‘ಗೋ ವೇರ್ ಯು ವಾನಾ ಗೋ’ ಎಲ್ಲ ಅದರಲ್ಲೇ ಇವೆ. ಎರಡನೆಯ ಆಲ್ಬಮ್ಮಿನಿಂದ ‘ಐ ಸಾ ಹರ್ ಅಗೇನ್’ ಒಂದನ್ನು ಬಿಡಬೇಡಿ. ಕೊನೆಯ ಪಲ್ಲವಿಗೆ ಮುನ್ನ ಡೆನ್ನಿಯ ದನಿ ಅರೆಸಾಲಿನಷ್ಟು ಮುಂಚೆಯೇ ನುಗ್ಗಿ, ನಿಂತು, ಮತ್ತೆ ಶುರುವಾಗುತ್ತದೆ. ಅದು ಟೇಪಿನ ಕೆಲಸದಲ್ಲಾದ ತಪ್ಪು. ನಿರ್ಮಾಪಕ ಲೂ ಆ್ಯಡ್ಲರ್ ಅದನ್ನು ಕೇಳಿ ಹಾಗೇ ಇರಲಿ ಎಂದ. ಈಗ ಆ ತಡವರಿಕೆ ಇಲ್ಲದೆ ಹಾಡನ್ನು ಊಹಿಸುವುದಕ್ಕೇ ಆಗದು. ದನಿಯ ಮೇಲೆ ದನಿ ಕೂರಿಸಿ ಕೂರಿಸಿ ಇವರ ಧ್ವನಿಮುದ್ರಣಗಳು ಅಲ್ಲಲ್ಲಿ ಒಡಕಾಗಿ ಕೇಳುತ್ತವೆ. ನಿಮ್ಮ ಸ್ಪೀಕರನ್ನು ಬೈಯಬೇಡಿ.

ಆರು ದನಿಯ ಗೋಪುರ: ಬೀಚ್ ಬಾಯ್ಸ್

ಈಗ ದೊಡ್ಡ ಬಾಗಿಲು. ಕ್ಯಾಲಿಫೋರ್ನಿಯಾದ ಹಾಥಾರ್ನ್ ಊರಿನ ಮೂವರು ಅಣ್ಣತಮ್ಮಂದಿರು ಬ್ರಯಾನ್, ಡೆನಿಸ್, ಕಾರ್ಲ್ ವಿಲ್ಸನ್, ಸೋದರತ್ತೆಯ ಮಗ ಮೈಕ್ ಲವ್, ಗೆಳೆಯ ಆಲ್ ಜಾರ್ಡೀನ್ 1961ರಲ್ಲಿ ಕಟ್ಟಿದ ತಂಡ. 1965ರಲ್ಲಿ ಬ್ರೂಸ್ ಜಾನ್ಸ್ಟನ್ ಸೇರಿದ. ಇಲ್ಲಿ ದನಿಗಳ ಬಣ್ಣ ಬೇರೆಯಲ್ಲ, ಒಂದೇ ಮನೆತನದ್ದು. ಅದಕ್ಕೇ ಎಣಿಸುವುದು ಕಷ್ಟ, ಅದಕ್ಕೇ ಅಷ್ಟು ಸೊಗಸು. ಬ್ರಯಾನ್ ಹುಡುಗನಾಗಿದ್ದಾಗ ಫೋರ್ ಫ್ರೆಶ್‌ಮೆನ್ ಎಂಬ ಜಾಝ್ ಹಾಡುಗಾರರ ತಂಡವನ್ನು ಕೇಳಿ ಕೇಳಿ, ಒಂದೊಂದೇ ದನಿ ಬಿಡಿಸಿ, ಪಿಯಾನೋದಲ್ಲಿ ನುಡಿಸಿ ಕಲಿತವನು. ನಾನು ನಿಮಗೆ ಹೇಳುತ್ತಿರುವ ಎಣಿಕೆಯ ಅಭ್ಯಾಸವನ್ನೇ ಅವನು ಮಾಡಿದ್ದ. ಅವನ ಬಲಗಿವಿ ಹೆಚ್ಚುಕಡಿಮೆ ಕೇಳುತ್ತಲೇ ಇರಲಿಲ್ಲ ಎಂಬುದನ್ನು ನೆನೆದರೆ ಕೈ ಮುಗಿಯಬೇಕೆನಿಸುತ್ತದೆ. 2025ರ ಜೂನಿನಲ್ಲಿ ಅವನು ತೀರಿಕೊಂಡ ಸುದ್ದಿ ಬಂದ ರಾತ್ರಿ ನಾನು 1963ರ ‘ಇನ್ ಮೈ ರೂಮ್’ ಒಂದನ್ನೇ ಮತ್ತೆ ಮತ್ತೆ ಹಾಕಿಕೊಂಡಿದ್ದೆ.

ಹಾಗಾದರೆ ‘ಪೆಟ್ ಸೌಂಡ್ಸ್’ ಮೊದಲೋ, ಬೇರೆಯೋ? 1965ರ ‘ದ ಬೀಚ್ ಬಾಯ್ಸ್ ಟುಡೇ!’ ಮೊದಲು ಎಂಬುದು ನನ್ನ ಖಚಿತ ಅಭಿಪ್ರಾಯ. ಅದರ ಎರಡನೆಯ ಬದಿಯ ನಿಧಾನಗತಿಯ ಹಾಡುಗಳಲ್ಲಿ, ‘ಪ್ಲೀಸ್ ಲೆಟ್ ಮಿ ವಂಡರ್’ನಂಥವುಗಳಲ್ಲಿ, ವಾದ್ಯಗಳು ಇನ್ನೂ ದನಿಗಳಿಗೆ ಜಾಗ ಬಿಟ್ಟು ಕೂತಿವೆ. ಕೆಳಗೆ ಮೈಕ್, ಮೇಲೆ ಬ್ರಯಾನನ ಕಳ್ಳದನಿ (ಸಹಜಕ್ಕಿಂತ ಎತ್ತರಿಸಿದ ತೆಳು ದನಿ), ನಡುವೆ ಉಳಿದವರು. ಈ ಮೂರು ಪದರ ಹಿಡಿದವರಿಗೆ 1966ರ ಮೇ ತಿಂಗಳಲ್ಲಿ ಬಂದ ‘ಪೆಟ್ ಸೌಂಡ್ಸ್’ ತಾನಾಗಿ ತೆರೆದುಕೊಳ್ಳುತ್ತದೆ.

ಅದರಲ್ಲಿ ‘ಗಾಡ್ ಓನ್ಲಿ ನೋಸ್’ನ ಮುಖ್ಯ ದನಿ ಹತ್ತೊಂಬತ್ತರ ಕಾರ್ಲ್‌ನದು. ಕೊನೆಯಲ್ಲಿ ಒಂದೇ ಸಾಲು ಸುತ್ತುತ್ತ ಹೋಗುತ್ತದೆ, ಒಬ್ಬನ ಹಿಂದೆ ಒಬ್ಬ, ಮುಗಿಯುವುದೇ ಬೇಡವೆಂಬಂತೆ. ಆ ಹೊತ್ತಿಗೆ ಕಾರ್ಲ್ ದಣಿದು ಮನೆಗೆ ಹೋಗಿದ್ದ. ಬ್ರೂಸ್ ನಡುವಿನ ಎಳೆ ಹಿಡಿದ, ಮೇಲಿನದನ್ನೂ ಕೆಳಗಿನದನ್ನೂ ಬ್ರಯಾನ್ ತಾನೇ ಹಾಡಿದ. ಕೇಳುವಾಗ ಊರೇ ಹಾಡುತ್ತಿದೆ ಅನ್ನಿಸುತ್ತದೆ. ಇದ್ದವರು ಇಬ್ಬರು.

ಇಷ್ಟು ಪದರ ಹೇಗೆ ಸಾಧ್ಯವಾಯಿತು ಎಂಬುದನ್ನೂ ಹೇಳಬೇಕು. ಆಗ ಟೇಪಿನಲ್ಲಿ ಟ್ರ್ಯಾಕುಗಳ, ಅಂದರೆ ಸದ್ದನ್ನು ಬೇರೆಬೇರೆಯಾಗಿ ಮುದ್ರಿಸುವ ಪಟ್ಟಿಗಳ, ಬಡತನ. ವಾದ್ಯಗಳನ್ನೆಲ್ಲ ನಾಲ್ಕು ಟ್ರ್ಯಾಕಿನಲ್ಲಿ ಮುದ್ರಿಸಿ, ಅದನ್ನು ಒಂದೇ ಟ್ರ್ಯಾಕಿಗೆ ಇಳಿಸಿ, ಕೊಲಂಬಿಯಾ ಸ್ಟುಡಿಯೋದ ಎಂಟು ಟ್ರ್ಯಾಕಿನ ಯಂತ್ರಕ್ಕೆ ಒಯ್ಯುತ್ತಿದ್ದರು. ಉಳಿದ ಏಳೂ ದನಿಗಳಿಗೆ. ವಾದ್ಯ ನುಡಿಸಿದವರು ಹಾಲ್ ಬ್ಲೇನ್, ಕ್ಯಾರೊಲ್ ಕೇ ಮೊದಲಾದ ಲಾಸ್ ಏಂಜಲೀಸಿನ ಸ್ಟುಡಿಯೋ ಕಲಾವಿದರು. ಮಾಮಾಸ್ ಆ್ಯಂಡ್ ಪಾಪಾಸ್ ಹಾಡುಗಳಲ್ಲೂ ಡ್ರಮ್ ಬಾರಿಸಿದ್ದು ಇದೇ ಬ್ಲೇನ್, ವೆಸ್ಟರ್ನ್ ರೆಕಾರ್ಡರ್ಸ್ ಸ್ಟುಡಿಯೋ ಕೂಡ ಎರಡೂ ತಂಡಗಳಿಗೆ ಒಂದೇ. ಊರು, ವರ್ಷ, ಡ್ರಮ್ಮು ಎಲ್ಲ ಒಂದೇ ಆಗಿ ದನಿ ಮಾತ್ರ ಬೇರೆಯಾದರೆ ಏನಾಗುತ್ತದೆ ಎಂದು ನೋಡಬೇಕಾದರೆ ‘ಮಂಡೇ, ಮಂಡೇ’ ಮತ್ತು ‘ವುಡಂಟ್ ಇಟ್ ಬಿ ನೈಸ್’ ಬೆನ್ನುಬೆನ್ನಿಗೆ ಕೇಳಿ. ಒಂದರಲ್ಲಿ ನಾಲ್ವರು ಮನುಷ್ಯರು ಮಾತಾಡಿಕೊಳ್ಳುತ್ತಾರೆ. ಇನ್ನೊಂದರಲ್ಲಿ ಒಬ್ಬನ ಮನಸ್ಸು ಆರು ಕಂಠಗಳಲ್ಲಿ ಹಾಡುತ್ತದೆ.

ಮನೆಗೆ ತರಲು ಒಂದೇ ಎಲ್‌ಪಿ ಎಂದಾದರೆ

ಸಂಗ್ರಹ ಬೇಡ, ಬಿಡಿ ಹಾಡು ಬೇಡ, ಒಂದು ಸಂಜೆ ಮೊದಲಿನಿಂದ ಕೊನೆಯವರೆಗೆ ಕೂತು ಕೇಳುವ ಒಂದು ಆಲ್ಬಮ್ ಬೇಕೆನ್ನುವವರಿಗೆ ನಾನು ಝಾಂಬೀಸ್ ತಂಡದ ‘ಒಡೆಸಿ ಆ್ಯಂಡ್ ಒರಾಕಲ್’ ಕೊಡುತ್ತೇನೆ. ಇಂಗ್ಲೆಂಡಿನ ಸೇಂಟ್ ಆಲ್ಬನ್ಸಿನ ಹುಡುಗರು. ಹೆಚ್ಚಿನದನ್ನು 1967ರಲ್ಲಿ ಲಂಡನ್ನಿನ ಆ್ಯಬಿ ರೋಡ್ ಸ್ಟುಡಿಯೋದಲ್ಲಿ ಮುದ್ರಿಸಿದರು. 1968ರ ಏಪ್ರಿಲಿನಲ್ಲಿ ಎಲ್‌ಪಿ ಅಂಗಡಿಗೆ ಬರುವಷ್ಟರಲ್ಲಿ ತಂಡವೇ ಒಡೆದಿತ್ತು. ಅದರೊಳಗಿನ ‘ಟೈಮ್ ಆಫ್ ದ ಸೀಸನ್’ ಅಮೆರಿಕದಲ್ಲಿ ಮೂರನೆಯ ಸ್ಥಾನಕ್ಕೇರಿದ್ದು 1969ರಲ್ಲಿ, ಹಾಡಲು ತಂಡವಿಲ್ಲದಾಗ. ಕಾಲಿನ್ ಬ್ಲನ್‌ಸ್ಟೋನನ ಉಸಿರಿನಂಥ ದನಿಯ ಸುತ್ತ ಉಳಿದವರು ಹಗುರವಾಗಿ ನಿಲ್ಲುತ್ತಾರೆ. ‘ಚೇಂಜಸ್’ ಹಾಡಿನಲ್ಲಂತೂ ವಾದ್ಯ ಬಹುಪಾಲು ಹಿಂದೆ ಸರಿದು ದನಿಗಳೇ ಹಾಡನ್ನು ಹೊರುತ್ತವೆ. ಬೀಚ್ ಬಾಯ್ಸ್‌ನಷ್ಟು ಎತ್ತರದ ಗೋಪುರವಲ್ಲ ಇದು. ಬೆಳಕು ಚೆನ್ನಾಗಿ ಬೀಳುವ ಸಣ್ಣ ಮನೆ.

ಉಳಿದ ತಂಡಗಳಿಗೆ ಇಷ್ಟು ಸಾಕು. ಅಸೋಸಿಯೇಶನ್‌ನ ‘ಚೆರಿಶ್’, ‘ನೆವರ್ ಮೈ ಲವ್’ ಎರಡೂ ಕಿವಿಗೆ ರೇಷ್ಮೆ. ಆದರೆ ಅಷ್ಟೊಂದು ಜನ ಹಾಡಿದರೂ ಯಾರ ಮುಖವೂ ಕಾಣುವುದಿಲ್ಲ. ಅವರ 1968ರ ‘ಗ್ರೇಟೆಸ್ಟ್ ಹಿಟ್ಸ್’ ದಾಟಿ ಹೋಗುವ ಅಗತ್ಯ ನನಗೆ ಬಿದ್ದಿಲ್ಲ. ಫೋರ್ ಸೀಸನ್ಸ್ ತಂಡದ ಹಾಡುಗಳು ಮೂಲತಃ ಫ್ರ್ಯಾಂಕಿ ವ್ಯಾಲಿ ಒಬ್ಬನ ಕಳ್ಳದನಿಯ ಸಾಹಸ, 1964ರ ‘ರ್‍ಯಾಗ್ ಡಾಲ್’ ಕೇಳಿದರೆ ಇಷ್ಟವೋ ಅಲ್ಲವೋ ತಕ್ಷಣ ತಿಳಿಯುತ್ತದೆ. ಫಿಫ್ತ್ ಡೈಮೆನ್ಶನ್ ಮಾತ್ರ ಹೆಚ್ಚು ಗಮನಕ್ಕೆ ಅರ್ಹ. ಮಾಮಾಸ್ ಆ್ಯಂಡ್ ಪಾಪಾಸ್ ಇಷ್ಟವಾದವರಿಗೆ ಮುಂದಿನ ನಿಲ್ದಾಣ ಇದೇ. ಮೂವರು ಗಂಡಸರು, ಇಬ್ಬರು ಹೆಂಗಸರು, ಚರ್ಚಿನ ಗಾಯನದ ಕಸುವು. 1969ರಲ್ಲಿ ಅಮೆರಿಕದಲ್ಲಿ ಆರು ವಾರ ಮೊದಲ ಸ್ಥಾನದಲ್ಲಿದ್ದ ‘ಅಕ್ವೇರಿಯಸ್/ಲೆಟ್ ದ ಸನ್‌ಶೈನ್ ಇನ್’ಗೆ ವಾದ್ಯ ಮುದ್ರಿಸಿದ್ದು ಲಾಸ್ ಏಂಜಲೀಸಿನಲ್ಲಿ, ದನಿ ಮುದ್ರಿಸಿದ್ದು ಅವರು ಕಾರ್ಯಕ್ರಮ ಕೊಡುತ್ತಿದ್ದ ಲಾಸ್ ವೇಗಸ್‌ನಲ್ಲಿ.

ಮೊನೊ, ಸ್ಟೀರಿಯೊ

ಆಲ್ಬಮ್ ಯಾವುದು ಎಂಬಷ್ಟೇ ಇದೂ ಮುಖ್ಯ. ಅರವತ್ತರ ದಶಕದ ಬಹುಭಾಗ ಪಾಪ್ ಹಾಡುಗಳನ್ನು ಮನಸ್ಸಿಟ್ಟು ಮಿಕ್ಸ್ ಮಾಡಿದ್ದು, ಅಂದರೆ ದನಿ-ವಾದ್ಯಗಳನ್ನು ಹದವಾಗಿ ಕೂಡಿಸಿದ್ದು, ಎರಡೂ ಕಿವಿಗೆ ಒಂದೇ ಸದ್ದು ಬರುವ ಮೊನೊದಲ್ಲಿ. ರೇಡಿಯೋ ಮೊನೊ, ಸಿಂಗಲ್ ಮೊನೊ. ಬ್ರಯಾನ್ ‘ಪೆಟ್ ಸೌಂಡ್ಸ್’ಗೆ ಮಾಡಿದ್ದು ಮೊನೊ ಒಂದೇ. ಆಗ ಮಾರಿದ ಸ್ಟೀರಿಯೊ ಪ್ರತಿ ಮೊನೊವನ್ನೇ ಯಂತ್ರದಲ್ಲಿ ಎರಡಾಗಿ ಸೀಳಿದ ಕೃತಕ ಸ್ಟೀರಿಯೊ. ಹಳೆಯ ಎಲ್‌ಪಿಯ ಮೇಲೆ ‘ಡ್ಯುವೊಫೋನಿಕ್’ ಎಂದು ಕಂಡರೆ ಬಿಡಿ. ನಿಜವಾದ ಸ್ಟೀರಿಯೊ ಮೊದಲು ಬಂದದ್ದು 1997ರ ‘ಪೆಟ್ ಸೌಂಡ್ಸ್ ಸೆಶನ್ಸ್’ ಪೆಟ್ಟಿಗೆಯಲ್ಲಿ. ಆದರೆ ಮೊನೊ ಇಳಿಸುವಾಗಲೇ ನೇರ ಸೇರಿಸಿದ ಕೆಲವು ದನಿಗಳು ಆ ಟೇಪುಗಳಲ್ಲಿ ಇರಲಿಲ್ಲ. ಹಾಗಾಗಿ ‘ವುಡಂಟ್ ಇಟ್ ಬಿ ನೈಸ್’ನ ನಡುಭಾಗವನ್ನು ಮೊನೊದಲ್ಲಿ ಮೈಕ್ ಹಾಡಿದರೆ, ಆ ಮೊದಲ ಸ್ಟೀರಿಯೊದಲ್ಲಿ ಬ್ರಯಾನ್ ಹಾಡುತ್ತಾನೆ. ಝಾಂಬೀಸ್‌ಗೂ ಇಂಥದೇ ತೊಡಕು. ‘ದಿಸ್ ವಿಲ್ ಬಿ ಅವರ್ ಇಯರ್’ನ ತುತ್ತೂರಿಗಳನ್ನು ಮೊನೊ ಮಿಕ್ಸಿನ ಹೊತ್ತಿಗೇ ಸೇರಿಸಿದ್ದರಿಂದ, ಸ್ಟೀರಿಯೊ ಎಲ್‌ಪಿಯಲ್ಲೂ ಆ ಹಾಡು ಕೃತಕ ಸ್ಟೀರಿಯೊ ಆಗಿಯೇ ಬಂತು.

ಮನಸ್ಸು ತುಂಬಿ ಕೇಳುವುದಕ್ಕೆ ಮೊನೊ, ಎಣಿಸಿ ಕಲಿಯುವುದಕ್ಕೆ ಸ್ಟೀರಿಯೊ. ನಾನು ಪಾಲಿಸುವುದು ಇದನ್ನು. ಆ ಕಾಲದ ಎಷ್ಟೋ ಬ್ರಿಟಿಷ್ ಸ್ಟೀರಿಯೊ ಮಿಕ್ಸುಗಳಲ್ಲಿ ದನಿಯೆಲ್ಲ ಒಂದು ಕಿವಿಗೆ, ವಾದ್ಯವೆಲ್ಲ ಇನ್ನೊಂದಕ್ಕೆ. ಒಂದು ಇಯರ್‌ಫೋನ್ ತೆಗೆದರೆ ಸಾಕು, ಗಾಯಕರು ನಿಮ್ಮ ಪಕ್ಕದಲ್ಲೇ ನಿಂತಂತೆ. ಆ್ಯಪಿನಲ್ಲಿ ಹುಡುಕುವಾಗ ಹೆಸರಿನ ಮುಂದೆ ಮೊನೊ ಎಂದಿದೆಯೋ ಇಲ್ಲವೋ ನೋಡಿ. ಹಳೆಯ ತಂಡದ ಹೆಸರಿನಲ್ಲಿ ಮುಪ್ಪಿನಲ್ಲಿ ಮತ್ತೆ ಹಾಡಿದ ಪ್ರತಿಗಳೂ ಅಗ್ಗದ ಸಂಗ್ರಹಗಳಲ್ಲಿ ಸೇರಿಕೊಂಡಿರುತ್ತವೆ. ಮೂಲ ಆಲ್ಬಮ್ಮಿನ ಹೆಸರು, ವರ್ಷ ಹಿಡಿದು ಹೋದರೆ ಮೋಸವಿಲ್ಲ.

ಆ ‘ಸೆಶನ್ಸ್’ ಪೆಟ್ಟಿಗೆಯಲ್ಲಿ ವಾದ್ಯ ತೆಗೆದು ದನಿಗಳನ್ನಷ್ಟೇ ಉಳಿಸಿದ ಹಾಡುಗಳೂ ಇವೆ. ಅಲ್ಲಿಗೆ ತಲುಪಿದವರು ಇನ್ನೊಂದನ್ನು ಹುಡುಕಿಕೊಳ್ಳಿ: 1966ರಲ್ಲಿ ಮುದ್ರಿಸಿ, 1969ರ ‘20/20’ ಆಲ್ಬಮ್ಮಿನಲ್ಲಿ ಹೊರಬಂದ ‘ಅವರ್ ಪ್ರೇಯರ್’. ವಾದ್ಯವಿಲ್ಲ, ಸಾಹಿತ್ಯವೂ ಇಲ್ಲ. ನಮ್ಮವರು ಆಕಾರದಲ್ಲಿ ಹಾಡುವಂತೆ ಬರೀ ಸ್ವರ, ಒಂದು ನಿಮಿಷದ ಮೇಲೆ ಚೂರು. ಮೊದಲ ಸಲ ಮೇಲಿನ ದನಿಯ ಜೊತೆ ಹೋಗಿ. ಎರಡನೆಯ ಸಲ ಕೆಳಗಿನದರ ಜೊತೆ. ಮೂರನೆಯ ಸಲ ನಡುವಿನದನ್ನು ಹುಡುಕಿ, ಅದು ಸುಲಭಕ್ಕೆ ಸಿಗುವುದಿಲ್ಲ. ಸಿಕ್ಕ ಮೇಲೆ ಮಲಗುವ ಮುನ್ನ ದೀಪ ಆರಿಸಿ ನಾಲ್ಕನೆಯ ಸಲ ಹಾಕಿಕೊಳ್ಳಿ, ಆಗ ಎಣಿಸಬೇಡಿ.